ಕೆಲಸದ ಧೂಳು, ಹೊಗೆ ಮತ್ತು ಸಂಧಿವಾತ: ಬೆಳೆಗಾರರಿಗೊಂದು ಆರೋಗ್ಯ ಪಾಠ



ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಎರಡು ಮೂರು ಎಕರೆ ತೋಟ ಇಟ್ಟುಕೊಂಡವನ ಪಾಲಿಗೆ ಈ ಮಾತು ಅಕ್ಷರಶಃ ಸತ್ಯ. ದೊಡ್ಡ ಎಸ್ಟೇಟಿನವರಿಗೆ ಒಂದು ಕೈ ಬಿದ್ದರೆ ಇನ್ನೊಂದು ಕೈ ಸಿಕ್ಕೀತು. ನಮ್ಮಲ್ಲಿ ಮನೆಯವರ ಕೈಯೇ ಬಂಡವಾಳ. ಕಾಫಿ ಹಣ್ಣು ಕೊಯ್ಯುವುದು, ಅಡಿಕೆ ಸುಲಿಯುವುದು, ಕರಿಮೆಣಸಿನ ಕೊತ್ತು ಬಿಡಿಸುವುದು, ಹಾಲು ಕರೆಯುವುದು, ಇವೆಲ್ಲ ಬೆರಳಿನ ಗಿಣ್ಣು ಮತ್ತು ಮಣಿಕಟ್ಟು ಸರಿಯಿದ್ದರೆ ಮಾತ್ರ ಆಗುವ ಕೆಲಸ. ಆ ಗಿಣ್ಣುಗಳನ್ನೇ ಹಿಡಿದು ಕೆಡಿಸುವ ಒಂದು ರೋಗದ ವಿಚಾರ ಈ ಪಾಠದಲ್ಲಿದೆ. ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಇಲ್ಲಿ ಉರಿಯೂತದ ಸಂಧಿವಾತ ಎಂದು ಕರೆಯೋಣ.

ಈ ರೋಗ ಯಾಕೆ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಸಿಗುವ ಉತ್ತರ ಮೂರು: ಶೀತ, ವಾಯು, ಹಣೆಬರಹ. ಆದರೆ ಕಳೆದ ಕೆಲವು ದಶಕಗಳ ಸಂಶೋಧನೆ ಬೇರೊಂದು ದಿಕ್ಕಿಗೆ ಕೈ ತೋರಿಸಿದೆ. ಕೆಲಸದ ಜಾಗದಲ್ಲಿ ನಾವು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಧೂಳು, ಹೊಗೆ ಮತ್ತು ಸಿಂಪರಣೆಯ ಮಂಜು ಈ ರೋಗದ ಅಪಾಯವನ್ನು ಹೆಚ್ಚಿಸಬಲ್ಲವು ಎಂಬುದೇ ಆ ತಿಳುವಳಿಕೆ. ಗಂಟಿನಲ್ಲಿ ಕಾಣುವ ರೋಗದ ಬೀಜ ಎಷ್ಟೋ ವರ್ಷ ಮೊದಲೇ ಶ್ವಾಸಕೋಶದಲ್ಲಿ ಬಿದ್ದಿರಬಹುದು. ಹಣೆಬರಹ ನಮ್ಮ ಕೈಯಲ್ಲಿಲ್ಲ. ಧೂಳು ಮತ್ತು ಹೊಗೆ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ.

1. ಎಲ್ಲ ಗಂಟುನೋವೂ ಒಂದೇ ಅಲ್ಲ

ಮೊದಲು ರೋಗವನ್ನು ಗುರುತಿಸಲು ಕಲಿಯೋಣ. ತೋಟದ ಕೆಲಸದವರಿಗೆ ಸಾಮಾನ್ಯವಾಗಿ ಬರುವುದು ಸವಕಳಿಯ ಗಂಟುನೋವು. ಭಾರ ಹೊತ್ತು, ಕುಕ್ಕರಗಾಲಿನಲ್ಲಿ ಕುಳಿತು, ಏರುತಗ್ಗು ಹತ್ತಿಳಿದು ಮೊಣಕಾಲಿನ ಮೆತ್ತೆ ಸವೆಯುತ್ತದೆ. ಈ ನೋವು ನಡೆದಷ್ಟೂ, ದುಡಿದಷ್ಟೂ ಹೆಚ್ಚು, ಕುಳಿತರೆ ಕಡಿಮೆ. ಬೆಳಿಗ್ಗೆ ಎದ್ದಾಗ ಬಿಗಿ ಇದ್ದರೂ ಹತ್ತಿಪ್ಪತ್ತು ನಿಮಿಷದಲ್ಲಿ ಸಡಿಲವಾಗುತ್ತದೆ.

ಉರಿಯೂತದ ಸಂಧಿವಾತದ ನಡತೆ ಇದಕ್ಕೆ ತಿರುಗುಮುರುಗು. ನಮ್ಮ ದೇಹದ ರಕ್ಷಣಾ ಪಡೆ ದಾರಿತಪ್ಪಿ ಸ್ವಂತ ಕೀಲುಗಳ ಒಳಪೊರೆಯ ಮೇಲೆಯೇ ಎರಗುತ್ತದೆ. ಪೊರೆ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಪಕ್ಕದ ಮೆಲ್ಲೆಲುಬನ್ನೂ ಮೂಳೆಯನ್ನೂ ತಿನ್ನುತ್ತದೆ. ಇದು ಮೊದಲು ಹಿಡಿಯುವುದು ಸಾಮಾನ್ಯವಾಗಿ ಸಣ್ಣ ಕೀಲುಗಳನ್ನು: ಬೆರಳಿನ ಬುಡದ ಮತ್ತು ನಡುವಿನ ಗಿಣ್ಣು, ಮಣಿಕಟ್ಟು, ಕಾಲ್ಬೆರಳಿನ ಬುಡ. ಹೆಚ್ಚಿನವರಲ್ಲಿ ಎಡಗೈ ಬಲಗೈ ಎರಡರಲ್ಲೂ ಕಾಣಿಸುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಸುಮ್ಮನೆ ಕುಳಿತರೆ ನೋವು ಹೆಚ್ಚು, ಕೈಯಾಡಿಸಿದ ಮೇಲೆ ಸ್ವಲ್ಪ ಹಗುರ. ಜೊತೆಗೆ ಆಯಾಸ, ಊಟ ಸೇರದಿರುವುದು, ತೂಕ ಇಳಿಯುವುದು, ಸಣ್ಣಗೆ ಮೈ ಬಿಸಿ ಇರಬಹುದು.

ವಯಸ್ಕರಲ್ಲಿ ಸುಮಾರು ಇನ್ನೂರು ಜನಕ್ಕೆ ಒಬ್ಬಿಬ್ಬರಿಗೆ ಈ ರೋಗ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುದುಕರ ಕಾಯಿಲೆ ಎಂಬ ಭಾವನೆ ತಪ್ಪು. ಮೂವತ್ತು, ನಲವತ್ತರ ದುಡಿಯುವ ಪ್ರಾಯದಲ್ಲೂ ಶುರುವಾಗುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ಗೊಂದಲ ಉಂಟು. ಚಿಕೂನ್‌ಗುನ್ಯ ಜ್ವರದ ನಂತರವೂ ತಿಂಗಳುಗಟ್ಟಲೆ ಗಿಣ್ಣು ಊದಿ ನೋಯುವುದಿದೆ. 2006ರಲ್ಲಿ ಕರ್ನಾಟಕ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು. ಅಡಿಕೆ ಹಾಳೆಯಲ್ಲಿ, ಕೊಕ್ಕೋ ಸಿಪ್ಪೆಯಲ್ಲಿ ನಿಂತ ನೀರಿನಲ್ಲಿ ಅದರ ಸೊಳ್ಳೆ ಮರಿಯಾಗುತ್ತದೆ. ಆದುದರಿಂದ ಗಂಟು ಹಿಡಿಯುವ ಮೊದಲು ಜ್ವರ ಬಂದಿತ್ತೇ, ಮನೆಯ ಇತರರಿಗೂ ಬಂದಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

2. ಗಣಿಯಿಂದ ಬಂದ ಮೊದಲ ಸುಳಿವು

ಧೂಳಿಗೂ ಗಂಟಿಗೂ ಸಂಬಂಧವಿದೆ ಎಂಬ ಸಂಶಯ ಹೊಸದಲ್ಲ. 1953ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಡಾ. ಆಂಥನಿ ಕ್ಯಾಪ್ಲನ್ ಎಂಬ ವೈದ್ಯರು ಕಲ್ಲಿದ್ದಲು ಗಣಿ ಕಾರ್ಮಿಕರ ಎಕ್ಸ್‌ರೇಗಳನ್ನು ಪರಿಶೀಲಿಸುತ್ತಿದ್ದಾಗ ಒಂದು ವಿಶೇಷವನ್ನು ಕಂಡರು. ಸಂಧಿವಾತ ಇದ್ದ ಗಣಿ ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿದವರಲ್ಲಿ ಕಾಣದ ರೀತಿಯ ದುಂಡನೆಯ ಗಂಟುಗಳಿದ್ದವು. ಇಂದಿಗೂ ಆ ಲಕ್ಷಣಕ್ಕೆ ಅವರ ಹೆಸರೇ ಇದೆ. ಎದೆಯೊಳಗಿನ ಧೂಳಿಗೂ ಕೈಕಾಲಿನ ಕೀಲಿಗೂ ನಡುವೆ ಏನೋ ದಾರಿ ಇದೆ ಎಂದು ಆಗಲೇ ಸುಳಿವು ಸಿಕ್ಕಿತ್ತು.

ಆ ದಾರಿಯನ್ನು ಅಳೆದು ನೋಡಿದ್ದು ಮುಖ್ಯವಾಗಿ ಸ್ವೀಡನ್ ದೇಶದಲ್ಲಿ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು 1996ರಿಂದ ಒಂದು ದೀರ್ಘ ಅಧ್ಯಯನ ನಡೆಸಿದರು. ಹೊಸದಾಗಿ ಸಂಧಿವಾತ ಬಂದವರನ್ನೂ ಅದೇ ಊರುಕಡೆಯ, ಅದೇ ಪ್ರಾಯದ ಆರೋಗ್ಯವಂತರನ್ನೂ ಹುಡುಕಿ, ಜೀವಮಾನದಲ್ಲಿ ಯಾವ ಯಾವ ಕೆಲಸ ಮಾಡಿದ್ದೀರಿ ಎಂದು ಇಬ್ಬರನ್ನೂ ಕೇಳಿ ಹೋಲಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಿಲಿಕಾ ಎಂದರೆ ಬೆಣಚುಕಲ್ಲಿನ ಧೂಳು ಕುಡಿದ ಗಂಡಸರಲ್ಲಿ ಸಂಧಿವಾತದ ಅಪಾಯ ಸುಮಾರು ಎರಡು ಪಟ್ಟು, ಬಂಡೆ ಕೊರೆಯುವ ಮತ್ತು ಕಲ್ಲು ಪುಡಿ ಮಾಡುವ ಕೆಲಸದವರಲ್ಲಿ ಸುಮಾರು ಮೂರು ಪಟ್ಟು.

ಇದೇ ಮಾದರಿಯ ಅಧ್ಯಯನ ಮಲೇಷಿಯಾದಲ್ಲೂ ನಡೆಯಿತು. ಅಲ್ಲಿ ಬಟ್ಟೆ ಗಿರಣಿಯ ನೂಲಿನ ಧೂಳಿನಲ್ಲಿ ದುಡಿದ ಹೆಂಗಸರಲ್ಲಿ ಅಪಾಯ ಮೂರು ಪಟ್ಟಿನ ಹತ್ತಿರ ಕಂಡುಬಂತು. ಇದರಿಂದ ಎರಡು ಸಂಗತಿ ತಿಳಿಯಿತು. ಕಲ್ಲಿನ ಧೂಳು ಮಾತ್ರವಲ್ಲ, ಗಿಡದಿಂದ ಬಂದ ನಾರಿನ ಧೂಳೂ ಸಂಶಯಕ್ಕೆ ಹೊರತಲ್ಲ. ಹಾಗೆಯೇ ಇದು ಬಿಳಿಯರ ದೇಶದ ಸಮಸ್ಯೆ ಮಾತ್ರವೂ ಅಲ್ಲ.

2022ರ ಕೊನೆಯಲ್ಲಿ ಸ್ವೀಡನ್ನಿನ ಅದೇ ಅಧ್ಯಯನದಿಂದ ಇನ್ನೂ ದೊಡ್ಡ ಲೆಕ್ಕ ಹೊರಬಂತು. 4,033 ರೋಗಿಗಳು ಮತ್ತು 6,485 ರೋಗವಿಲ್ಲದವರು. 32 ಬಗೆಯ ಧೂಳು, ಹೊಗೆ, ಆವಿಗಳ ಪರಿಶೀಲನೆ. ಅವುಗಳಲ್ಲಿ 17ಕ್ಕೆ ಸಂಧಿವಾತದ ಒಂದು ಮುಖ್ಯ ಬಗೆಯೊಡನೆ ನಂಟು ಕಂಡಿತು. ಬೆಣಚುಕಲ್ಲಿನ ಧೂಳು, ಡೀಸೆಲ್ ಮತ್ತು ಪೆಟ್ರೋಲ್ ಇಂಜಿನಿನ ಹೊಗೆ, ಶಿಲೀಂಧ್ರನಾಶಕ ಔಷಧಿಗಳು ಆ ಪಟ್ಟಿಯಲ್ಲಿದ್ದವು. ಒಟ್ಟಾರೆ, ಕೆಲಸದಲ್ಲಿ ಇಂಥ ಯಾವುದಾದರೊಂದನ್ನು ಉಸಿರಾಡಿದವರಲ್ಲಿ ಆ ಬಗೆಯ ರೋಗದ ಅಪಾಯ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚು. ಒಂದಕ್ಕಿಂತ ಹೆಚ್ಚು ವಸ್ತುಗಳನ್ನು ಉಸಿರಾಡಿದಷ್ಟೂ, ಹೆಚ್ಚು ವರ್ಷ ಉಸಿರಾಡಿದಷ್ಟೂ ಅಪಾಯ ಏರುತ್ತಾ ಹೋಯಿತು.

3. ಎದೆಯಿಂದ ಗಂಟಿಗೆ ದಾರಿ ಹೇಗೆ?

ನಾವು ಕಣ್ಣಿಗೆ ಕಾಣುವ ಧೂಳಿಗೆ ಹೆದರುತ್ತೇವೆ. ಅದು ಮೂಗಿನಲ್ಲೇ ಗಂಟಲಲ್ಲೇ ನಿಂತು ಸೀನಿದಾಗ ಕೆಮ್ಮಿದಾಗ ಹೊರಬೀಳುತ್ತದೆ. ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣದ ನಯಧೂಳಿಗೆ. ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣದಾದ ಕಣ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿದು ಅಲ್ಲೇ ಕೂರುತ್ತದೆ.

ಅಲ್ಲಿ ನಿರಂತರ ಕೆರಳಿಕೆ ನಡೆದಾಗ ನಮ್ಮದೇ ಸಸಾರಜನಕ ವಸ್ತುಗಳ ರೂಪ ಸ್ವಲ್ಪ ಬದಲಾಗುತ್ತದೆ. ಅವುಗಳ ಒಂದು ಅಂಶ ಸಿಟ್ರುಲಿನ್ ಎಂಬುದಾಗಿ ಮಾರ್ಪಡುತ್ತದೆ. ದೇಹದ ಕಾವಲು ಕಣಗಳಿಗೆ ಇದು ಗುರುತು ಸಿಗದೆ, ಪರಕೀಯರು ನುಗ್ಗಿದ್ದಾರೆ ಎಂದು ಬಗೆದು ಇದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮನೆ ನಾಯಿ ಹೊಸ ಅಂಗಿ ತೊಟ್ಟ ಯಜಮಾನನ ಮೇಲೆಯೇ ಎರಗಿದ ಹಾಗೆ. ಈ ಪ್ರತಿಕಾಯಗಳು ರಕ್ತದಲ್ಲಿ ಸುತ್ತುತ್ತಾ ಇದ್ದು, ಒಂದು ದಿನ ಕೀಲಿನ ಒಳಪೊರೆಯಲ್ಲಿ ಉರಿಯೂತ ಹೊತ್ತಿಕೊಳ್ಳುತ್ತದೆ. ರೋಗ ಕಾಣಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಈ ಪ್ರತಿಕಾಯಗಳು ಇರುತ್ತವೆ ಎಂಬುದು, ಮೊದಲೇ ತೆಗೆದಿಟ್ಟಿದ್ದ ರಕ್ತದ ಪರೀಕ್ಷೆಯಿಂದ ಸಿದ್ಧವಾಗಿದೆ. ಬೇರುಕೊಳೆ ಹಿಡಿದ ಗಿಡದಂತೆಯೇ ಇದು: ಎಲೆ ಹಳದಿಯಾಗುವಾಗ ನೆಲದೊಳಗಿನ ಕಥೆ ಬಹಳ ಮುಂದೆ ಹೋಗಿರುತ್ತದೆ.

4. ಮೂರೂ ಕೂಡಿದಾಗ

ಧೂಳು ಕುಡಿದವರಿಗೆಲ್ಲ ರೋಗ ಬರುವುದಿಲ್ಲ. ಇಲ್ಲಿ ಮೂರು ಸಂಗತಿಗಳ ಲೆಕ್ಕವಿದೆ: ಹುಟ್ಟಿನಿಂದ ಬಂದ ವಂಶಗುಣ, ಬೀಡಿ ಸಿಗರೇಟಿನ ಹೊಗೆ ಮತ್ತು ಕೆಲಸದ ಧೂಳು ಹೊಗೆ. ಧೂಮಪಾನವೊಂದೇ ಈ ಪ್ರತಿಕಾಯದ ಬಗೆಯ ಸಂಧಿವಾತದ ಅಪಾಯವನ್ನು ಸುಮಾರು ದುಪ್ಪಟ್ಟು ಮಾಡುತ್ತದೆ. ಇನ್ನೊಂದರ ಜೊತೆ ಸೇರಿದಾಗ ಒಂದು ಒಂದು ಎರಡು ಎಂಬ ಲೆಕ್ಕ ನಿಲ್ಲುವುದಿಲ್ಲ. 2022ರ ವರದಿಯಲ್ಲಿ ವಂಶಗುಣ, ಧೂಮಪಾನ ಮತ್ತು ಇಂಜಿನ್ ಹೊಗೆ, ಕೀಟನಾಶಕ, ಕಲ್ಲಿನ ಧೂಳಿನಂಥ ಒಂದು ವಸ್ತು, ಹೀಗೆ ಮೂರೂ ಕೂಡಿದವರಲ್ಲಿ ಅಪಾಯ ಮೂರೂ ಇಲ್ಲದವರಿಗಿಂತ 16ರಿಂದ 68 ಪಟ್ಟು ಹೆಚ್ಚು ಕಂಡುಬಂತು.

ಈ ಅಂಕಿ ನೋಡಿ ಗಾಬರಿ ಬೀಳಬೇಕಾಗಿಲ್ಲ. ಮೂಲದಲ್ಲಿ ಅಪಾಯ ತೀರ ಚಿಕ್ಕದು. ಪಟ್ಟು ಹೆಚ್ಚಿದರೂ ಬಹುಮಂದಿಗೆ ರೋಗ ಬರುವುದಿಲ್ಲ. ಆದರೆ ಬುದ್ಧಿವಂತ ಬೆಳೆಗಾರ ಇದರಿಂದ ಕಲಿಯಬೇಕಾದ ಪಾಠ ಬೇರೆ. ವಂಶಗುಣವನ್ನು ಬದಲಿಸಲಾಗದು. ಕೆಲಸವನ್ನು ಪೂರಾ ಬಿಡಲಾಗದು. ಬೀಡಿಯನ್ನು ಮಾತ್ರ ಇವತ್ತೇ ಬಿಡಬಹುದು. ಬಿಟ್ಟ ಮೇಲೆ ಅಪಾಯ ಒಮ್ಮೆಲೇ ಇಳಿಯುವುದಿಲ್ಲ, ವರ್ಷ ವರ್ಷಕ್ಕೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಬೇಗ ಬಿಟ್ಟಷ್ಟೂ ಲಾಭ ಹೆಚ್ಚು.

5. ನಮ್ಮ ತೋಟದಲ್ಲಿ ಧೂಳು ಹೊಗೆ ಎಲ್ಲೆಲ್ಲಿ?

(ಅ) ಕಲ್ಲಿನ ಧೂಳು: ತೋಟದ ಆದಾಯ ಸಾಲದ ಮನೆಗಳಲ್ಲಿ ಒಬ್ಬರಾದರೂ ಕಲ್ಲು ಕ್ವಾರಿಗೆ, ಜಲ್ಲಿ ಕ್ರಷರಿಗೆ, ಕೊಳವೆ ಬಾವಿ ಲಾರಿಗೆ, ಕಟ್ಟಡದ ಕಲ್ಲು ಕೊಯ್ಯುವ ಕೆಲಸಕ್ಕೆ ಹೋಗುವುದುಂಟು. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಈ ಧೂಳಿನ ಬಗ್ಗೆಯೇ. ಇದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವನ್ನೂ ತರುತ್ತದೆ, ಕ್ಷಯರೋಗಕ್ಕೂ ದಾರಿ ಮಾಡುತ್ತದೆ.

(ಆ) ಸಿಂಪರಣೆ: ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ 1993ರಿಂದ ಕೃಷಿಕರನ್ನೂ ಅವರ ಮನೆಯವರನ್ನೂ ಬೆನ್ನುಹತ್ತಿ ಪರಿಶೀಲಿಸಿದ ಒಂದು ದೊಡ್ಡ ಅಧ್ಯಯನವಿದೆ. ಕೃಷಿಕರ ಹೆಂಡತಿಯರ ಬಗ್ಗೆ 2016ರಲ್ಲಿ ಪ್ರಕಟವಾದ ವರದಿಯಲ್ಲಿ ಮ್ಯಾಂಕೋಜೆಬ್ ಗುಂಪಿನ ಶಿಲೀಂಧ್ರನಾಶಕ ಮತ್ತು ಗ್ಲೈಫೋಸೇಟ್ ಕಳೆನಾಶಕ ಬಳಸಿದವರಲ್ಲಿ ಸಂಧಿವಾತ ಹೆಚ್ಚು ಕಂಡಿತು. ಎಲೆಚುಕ್ಕೆ ರೋಗಕ್ಕೆ, ಮೆಣಸಿನ ಬಳ್ಳಿಗೆ ಮ್ಯಾಂಕೋಜೆಬ್ ಇರುವ ಪುಡಿಗಳನ್ನು ಬಳಸುವವರು ನಮ್ಮಲ್ಲಿ ಬಹಳ ಮಂದಿ. ಹೆಚ್ಚು ಕಂಡಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದು ಸಿದ್ಧವಾಗುವುದಿಲ್ಲ. ಆದರೆ ಪೊಟ್ಟಣ ಒಡೆದು ಪುಡಿಯನ್ನು ಬಕೆಟಿಗೆ ಸುರಿಯುವಾಗ ಮುಖದ ಮುಂದೆ ಏಳುವ ಮೋಡವನ್ನು ಕುಡಿಯಬಾರದು ಎನ್ನಲು ಇಷ್ಟು ಸಾಕು.

ಬೋರ್ಡೋ ದ್ರಾವಣ ಹಳೆಯದು, ನಂಬಿಕೆಯದು, ಕೊಳೆರೋಗಕ್ಕೆ ಇಂದಿಗೂ ಅದೇ ಆಸರೆ. ಅದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ 1969ರಲ್ಲಿ ಪೋರ್ಚುಗಲ್ ದೇಶದ ವೈದ್ಯರು, ವರ್ಷಗಟ್ಟಲೆ ದ್ರಾಕ್ಷಿ ತೋಟಕ್ಕೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟುಗಳಾದದ್ದನ್ನು ವರದಿ ಮಾಡಿದರು. ಅದು ಕೀಲಿನ ರೋಗವಲ್ಲ, ಎದೆಯ ರೋಗ. ಮೈಲುತುತ್ತು ಹಳೆಯ ಮದ್ದು ಎಂದು ಅದರ ಮಂಜನ್ನು ಧಾರಾಳವಾಗಿ ಉಸಿರಾಡಬಾರದು ಎಂಬುದಕ್ಕೆ ಅದು ಎಚ್ಚರಿಕೆ. ಸುಣ್ಣ ಅರಳಿಸುವಾಗ ಏಳುವ ಧೂಳೂ ಹಾಗೆಯೇ.

(ಇ) ಇಂಜಿನ್ ಹೊಗೆ: ಬೆನ್ನಿಗೆ ಕಟ್ಟಿದ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಡೀಸೆಲ್ ಪಂಪುಸೆಟ್ಟು, ಇವುಗಳ ಹೊಗೆ ನೇರ ಮೂಗಿನ ಹತ್ತಿರವೇ ಬರುತ್ತದೆ. ಪಂಪುಮನೆಯೊಳಗೆ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಮುಂದೆಂದೋ ಬರುವ ಸಂಧಿವಾತದ ಮಾತಲ್ಲ, ಆ ಕ್ಷಣವೇ ಪ್ರಾಣಕ್ಕೆ ಸಂಚಕಾರ.

(ಈ) ಸುಲಿಯುವ, ಕೇರುವ ಧೂಳು: ಒಣ ಅಡಿಕೆ ಸುಲಿಯುವ ಯಂತ್ರದ ಸುತ್ತ, ಕಾಫಿ ಚೆರಿ ಹಲ್ಲಿಂಗ್ ಮಾಡುವಲ್ಲಿ, ಮೆಣಸು ಕೇರುವಲ್ಲಿ ನಾರು ಮತ್ತು ಬೂಷ್ಟು ಬೆರೆತ ಧೂಳು ಏಳುತ್ತದೆ. ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಅಡಿಕೆ ಬೇಯಿಸುವ ಒಲೆಯ ಹೊಗೆಯೂ ಅವರ ಪಾಲಿಗೇ. ಮಲೇಷಿಯಾದ ನೂಲಿನ ಧೂಳಿನ ಪಾಠವನ್ನು ನೆನೆದು ಇಲ್ಲಿಯೂ ಜಾಗ್ರತೆ ವಹಿಸುವುದು ವಿವೇಕ.

6. ಕಾರಣ ಹೇಳುವಾಗ ಎಚ್ಚರ: ಹಂದಿಗೋಡಿನ ಪಾಠ

ಎಲ್ಲ ಗಂಟುರೋಗಕ್ಕೂ ಔಷಧಿ ಸಿಂಪರಣೆಯೇ ಕಾರಣ ಎಂದು ದೂರಲು ಹೊರಟರೆ ಅದೂ ತಪ್ಪಾಗುತ್ತದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಸೊಂಟ ಮತ್ತು ಮೊಣಕಾಲು ಹಿಡಿದು ಜನ ನಡೆಯಲಾಗದಂತಾದ ಸಂಗತಿ ಹಿರಿಯರಿಗೆ ನೆನಪಿರಬಹುದು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ದೇಹ ಸೇರಿ ಹೀಗಾಯಿತು ಎಂಬ ಬಲವಾದ ಸಂಶಯ ಆಗ ಇತ್ತು. ಮುಂದೆ ಕುಟುಂಬಗಳ ವಂಶಾವಳಿ ಹಿಡಿದು ಪರಿಶೀಲಿಸಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆ ಕೀಲುಗಳ ಬೆಳವಣಿಗೆಯ ದೋಷ ಎಂದು ತಿಳಿಯಿತು. ಅದು ನಾವು ಹೇಳುತ್ತಿರುವ ಉರಿಯೂತದ ಸಂಧಿವಾತ ಅಲ್ಲ.

ಆದುದರಿಂದ ಒಬ್ಬ ರೋಗಿಯ ಕೈ ಹಿಡಿದು "ನಿನಗೆ ಬಂದದ್ದು ಇಂಥ ಔಷಧಿಯಿಂದಲೇ" ಎಂದು ಹೇಳಲಾಗದು. ಸಾವಿರಾರು ಜನರ ಲೆಕ್ಕ ನೋಡಿ ಅಪಾಯ ಹೆಚ್ಚು ಎಂದು ಹೇಳಬಹುದು. ತಡೆಯುವ ಕೆಲಸಕ್ಕೆ ಅಷ್ಟು ಸಾಕು. ಕೊಳೆ ಬಂದೇ ಬರುತ್ತದೆಂದು ಖಾತ್ರಿಯಾದ ಮೇಲೆ ಯಾರೂ ಬೋರ್ಡೋ ಹೊಡೆಯುವುದಿಲ್ಲ. ಬರಬಹುದು ಎಂದೇ ಮಳೆಗೆ ಮುಂಚೆ ಹೊಡೆಯುತ್ತೇವೆ.

7. ಮಾಡಬೇಕಾದ ಕ್ರಮಗಳು

ಮೊದಲನೆಯದು, ಧೂಳು ಏಳದಂತೆ ನೋಡುವುದು. ಕಲ್ಲು ಕೊಯ್ಯುವಾಗ, ಕೊರೆಯುವಾಗ ನೀರು ಹಾಯಿಸಬೇಕು. ಸುಲಿಯುವ ಯಂತ್ರವನ್ನು ಅಟ್ಟದ ಕೆಳಗೆ, ಮುಚ್ಚಿದ ಕೊಟ್ಟಿಗೆಯಲ್ಲಿ ಇಡದೆ ಗಾಳಿಯಾಡುವ ಚಪ್ಪರದಲ್ಲಿ ಇಡಬೇಕು; ಧೂಳಿನ ಬಾಯಿ ಗಾಳಿ ಹೋಗುವ ದಿಕ್ಕಿಗೆ ಇರಲಿ. ಕಸ ಗುಡಿಸುವ ಮುಂಚೆ ನೆಲಕ್ಕೆ ನೀರು ಚಿಮುಕಿಸಬೇಕು.

ಎರಡನೆಯದು, ಪುಡಿಯನ್ನು ನೀರಿಗೆ ಬೆರೆಸುವ ರೀತಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ ನಿಂತು, ಪೊಟ್ಟಣದ ಬಾಯಿಯನ್ನು ನೀರಿನ ಹತ್ತಿರಕ್ಕೆ ತಂದು ಮೆಲ್ಲಗೆ ಸುರಿಯಬೇಕು. ಕೋಲಿನಿಂದ ಕದಡಬೇಕು, ಕೈ ಹಾಕಬಾರದು. ಸಿಂಪಡಿಸುವಾಗ ಮಂಜು ಮುಖಕ್ಕೆ ತಿರುಗಿ ಬಾರದಂತೆ ಗಾಳಿ ನೋಡಿ ಸಾಲು ಹಿಡಿಯಬೇಕು. ಅಡಿಕೆ ಗೊನೆಗೆ ಕೆಳಗಿನಿಂದ ಹೊಡೆಯುವವರು ತಲೆ ಮೇಲಕ್ಕೆತ್ತಿ ಬಾಯಿ ತೆರೆದಿರುತ್ತಾರೆ. ಬೀಳುವ ಹನಿ ನೇರ ಮುಖಕ್ಕೆ. ಅವರಿಗೆ ಅಂಚು ಅಗಲವಾದ ಟೋಪಿ ಮತ್ತು ಕನ್ನಡಕ ಅವಶ್ಯ.

ಮೂರನೆಯದು, ಮುಖವಾಡ. ಮುಖಕ್ಕೆ ಸುತ್ತಿದ ಬೈರಾಸು ಕಣ್ಣಿಗೆ ಕಾಣುವ ಧೂಳನ್ನು ತಡೆದೀತು. ಎದೆಯ ತಳಕ್ಕೆ ಇಳಿಯುವ ನಯಧೂಳನ್ನು ತಡೆಯದು. ಧೂಳಿನ ಕೆಲಸಕ್ಕೆ ಎನ್-95 ಎಂದು ಬರೆದ ಮುಖವಾಡ ಬೇಕು. ಅದು ಕೆನ್ನೆಗೆ ಅಂಟಿ ಕೂರಬೇಕು. ಗಡ್ಡ ದಟ್ಟವಾಗಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಒದ್ದೆಯಾದರೆ, ಉಸಿರು ಕಟ್ಟುವಂತಾದರೆ ಬದಲಿಸಬೇಕು. ಆವಿಯಾಗುವ ಔಷಧಿಗಳಿಗೆ ಇದು ಸಾಲದು, ಇದ್ದಿಲಿನ ಡಬ್ಬಿ ಇರುವ ಮುಖವಾಡ ಬೇಕು. ಔಷಧಿಯ ಚೀಟಿಯಲ್ಲಿ ಏನು ಬರೆದಿದೆ ಎಂಬುದನ್ನು ಓದಿಯೇ ಹೊರಡಬೇಕು.

ನಾಲ್ಕನೆಯದು, ಮನೆಯವರ ರಕ್ಷಣೆ. ಸಿಂಪಡಿಸಿದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಅಂಗಳದಲ್ಲೇ ಕಳಚಿ, ಸ್ನಾನ ಮಾಡಿ ಒಳಗೆ ಬರಬೇಕು. ಒಗೆಯುವ ಕೈಗೂ ರಬ್ಬರಿನ ಕೈಚೀಲ ಬೇಕು ಎಂಬುದನ್ನು ಗಂಡಸರು ಮರೆಯಬಾರದು.

ಐದನೆಯದು, ಕೆಲಸದಾಳುಗಳ ವಿಚಾರ. ತೋಟ ನಮ್ಮದು, ಔಷಧಿ ನಮ್ಮದು, ಕುಡಿಯುವ ಮಂಜು ಅವರದು. ಬೋರ್ಡೋ ಹೊಡೆಯಲು ಊರೂರು ಸುತ್ತುವ ಕೊನೆಗಾರನಿಗೆ, ಸುಲಿಯಲು ಮನೆಮನೆಗೆ ಹೋಗುವ ಹೆಂಗಸಿಗೆ ನಮ್ಮ ತೋಟದ ಎರಡು ದಿನ ಬರೀ ಎರಡು ದಿನವಲ್ಲ. ಇಡೀ ಹಂಗಾಮಿನಲ್ಲಿ ಅವರು ಉಸಿರಾಡುವುದು ಅದನ್ನೇ. ಕೂಲಿಯ ಜೊತೆಗೆ ಮುಖವಾಡವೂ ನಮ್ಮಿಂದಲೇ ಹೋಗಬೇಕು. ಸಣ್ಣ ಬೆಳೆಗಾರರು ಹತ್ತು ಮನೆಯವರು ಸೇರಿ ಒಟ್ಟಿಗೆ ಕೊಂಡರೆ ಹೊರೆಯೂ ಆಗದು.

8. ಗಂಟು ಹಿಡಿದರೆ ಕಾಯಬಾರದು

ಒಂದಕ್ಕಿಂತ ಹೆಚ್ಚು ಗಿಣ್ಣು ಊದಿ ಕೆಲವು ವಾರ ಕಳೆದರೂ ಇಳಿಯದಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ, ಕೈ ಕುಲುಕಿದಾಗ ಬೆರಳಿನ ಬುಡದಲ್ಲಿ ಜೀವ ಹೋಗುವಂತೆ ನೋವಾದರೆ, ದಿನವೂ ಹಾಕುತ್ತಿದ್ದ ಉಂಗುರ, ಬಳೆ ಏರದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಕೊಯ್ಲು ಮುಗಿಯಲಿ, ಮದುವೆ ಕಳೆಯಲಿ ಎಂದು ಮುಂದೂಡಬಾರದು. ಮೊದಲ ಮೂರು ತಿಂಗಳೊಳಗೆ ಸರಿಯಾದ ಚಿಕಿತ್ಸೆ ಶುರುವಾದರೆ ಮೂಳೆ ಕೆಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಬೆರಳು ಸೊಟ್ಟಗಾದ ಮೇಲೆ ಯಾವ ಮಾತ್ರೆಯೂ ಅದನ್ನು ನೆಟ್ಟಗೆ ಮಾಡದು.

ವೈದ್ಯರು ರಕ್ತದಲ್ಲಿ ಇ.ಎಸ್.ಆರ್., ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಪರೀಕ್ಷೆ ಬರೆದುಕೊಡುತ್ತಾರೆ. ಮೇಲೆ ಹೇಳಿದ ಪ್ರತಿಕಾಯವನ್ನು ಗುರುತಿಸುವುದು ಕೊನೆಯ ಪರೀಕ್ಷೆ. ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ರೋಗ ಇರಬಹುದು. ಇದೆ ಎಂದು ಬಂದ ಆರೋಗ್ಯವಂತರೂ ಉಂಟು. ಕೈ ಮುಟ್ಟಿ ನೋಡಿ ತೀರ್ಮಾನಿಸಬೇಕಾದವರು ವೈದ್ಯರೇ.

ಈ ರೋಗಕ್ಕೆ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ದಿನವೂ ನುಂಗಿದರೆ ಪ್ರಾಣಾಪಾಯ. ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ನಡುನಡುವೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಬೇಕು, ಮದ್ಯ ಬಿಡಬೇಕು, ಗರ್ಭಿಣಿಯರು ಮತ್ತು ಗರ್ಭ ಧರಿಸಲಿರುವವರು ಇದನ್ನು ಸೇವಿಸಕೂಡದು. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯವಾದಂತೆ ಕಂಡು ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ. ಒಳಗೆ ಕೀಲು ಕೆಡುವುದು ನಿಂತಿರುವುದಿಲ್ಲ.

ವೈದ್ಯರ ಮುಂದೆ ಕುಳಿತಾಗ "ಕೃಷಿಕ" ಎಂದಷ್ಟೇ ಹೇಳಬೇಡಿ. ಎಷ್ಟು ವರ್ಷ ಔಷಧಿ ಹೊಡೆದಿರಿ, ಯಾವ ಔಷಧಿ, ಕ್ವಾರಿಗೆ ಹೋಗಿದ್ದಿರಾ, ಬೀಡಿ ಎಷ್ಟು ಎಂಬುದನ್ನೂ ಹೇಳಿ. ಕೆಮ್ಮು ದಮ್ಮು ಇದ್ದರೆ ಅದನ್ನೂ ಬಿಡದೆ ತಿಳಿಸಿ.

9. ಸಂದೇಹ ಮತ್ತು ಸಮಾಧಾನ

ಪ್ರಶ್ನೆ: ನಾನು ವರ್ಷಕ್ಕೆ ಮೂರು ನಾಲ್ಕು ದಿನ ಮಾತ್ರ ಔಷಧಿ ಹೊಡೆಯುತ್ತೇನೆ. ಹೆದರಬೇಕೇ?
ಉತ್ತರ: ಹೆದರಬೇಕಾಗಿಲ್ಲ, ಅಜಾಗರೂಕತೆಯೂ ಬೇಡ. ವರ್ಷಗಟ್ಟಲೆ ಕುಡಿದಷ್ಟೂ, ಹೆಚ್ಚು ಬಗೆಯದನ್ನು ಕುಡಿದಷ್ಟೂ ಅಪಾಯ ಹೆಚ್ಚು ಎಂದು ಲೆಕ್ಕಗಳು ಹೇಳುತ್ತವೆ. ಕಡಿಮೆ ದಿನ ಎಂಬುದು ಒಳ್ಳೆಯದೇ. ಮುಖವಾಡ ಹಾಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಬೀಡಿ ಬಿಟ್ಟು ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿಕೊಂಡರೆ ಆಗದೇ?
ಉತ್ತರ: ಸಂಧಿವಾತದ ಮಟ್ಟಿಗೆ ಸಾಕ್ಷ್ಯ ಇರುವುದು ಎದೆಗೆ ಇಳಿಯುವ ಹೊಗೆಯ ಬಗ್ಗೆ. ಆದರೆ ಹೊಗೆಸೊಪ್ಪು ಬಾಯಿ ಕ್ಯಾನ್ಸರಿಗೆ ನೇರ ಕಾರಣ, ವಸಡನ್ನೂ ಕೆಡಿಸುತ್ತದೆ. ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬೀಳಬಾರದು.

ಪ್ರಶ್ನೆ: ತಾಯಿಗೆ ಸಂಧಿವಾತ ಇದೆ. ಮಕ್ಕಳಿಗೆ ಬರುತ್ತದೆಯೇ?
ಉತ್ತರ: ಹತ್ತಿರದ ಬಂಧುಗಳಿಗೆ ಅಪಾಯ ಇತರರಿಗಿಂತ ಹೆಚ್ಚು, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಅಂಥ ಮನೆಯ ಮಕ್ಕಳು ಬೀಡಿ ಸಿಗರೇಟಿನಿಂದಲೂ ಕಲ್ಲಿನ ಧೂಳಿನ ಕೆಲಸದಿಂದಲೂ ದೂರ ಇರುವುದು ಲೇಸು.

ಪ್ರಶ್ನೆ: ರೋಗ ಬಂದ ಮೇಲೆ ತೋಟದ ಕೆಲಸ ಬಿಡಬೇಕೇ?
ಉತ್ತರ: ಬೇಡ. ಊತ ಇರುವಾಗ ಕೈಗೆ ವಿಶ್ರಾಂತಿ ಕೊಟ್ಟು, ಇಳಿದ ಮೇಲೆ ಮಿತವಾಗಿ ದುಡಿಯಬಹುದು. ಕೀಲು ಆಡಿಸುತ್ತಾ ಇರುವುದೇ ಒಳ್ಳೆಯದು. ಧೂಳಿನ, ಸಿಂಪರಣೆಯ ಕೆಲಸವನ್ನು ಮಾತ್ರ ಇತರರಿಗೆ ಒಪ್ಪಿಸಬೇಕು, ಅವರಿಗೂ ಮುಖವಾಡ ಕೊಟ್ಟು.

ನೆನಪಿಡಬೇಕಾದ ಅಂಶಗಳು

1. ಉರಿಯೂತದ ಸಂಧಿವಾತ ಸವಕಳಿಯ ನೋವಲ್ಲ. ಬೆಳಗಿನ ದೀರ್ಘ ಬಿಗಿತ ಮತ್ತು ಸಣ್ಣ ಗಿಣ್ಣುಗಳ ಊತ ಅದರ ಗುರುತು.
2. ಕಲ್ಲಿನ ಧೂಳು, ಇಂಜಿನ್ ಹೊಗೆ, ಸಿಂಪರಣೆಯ ಮಂಜು ಅಪಾಯವನ್ನು ಹೆಚ್ಚಿಸುವ ಪಟ್ಟಿಯಲ್ಲಿವೆ; ಬೀಡಿ ಸೇರಿದರೆ ಅಪಾಯ ಹಲವು ಪಟ್ಟು.
3. ಧೂಳು ಏಳದಂತೆ ನೋಡುವುದು ಮೊದಲು, ಮುಖವಾಡ ಆಮೇಲೆ. ಎರಡೂ ಆಳಿಗೂ ಒಡೆಯನಿಗೂ ಸಮಾನ.
4. ಗಿಣ್ಣು ಊದಿದರೆ ವಾರಗಳ ಲೆಕ್ಕದಲ್ಲಿ ವೈದ್ಯರನ್ನು ಕಾಣಬೇಕು, ವರ್ಷಗಳ ಲೆಕ್ಕದಲ್ಲಿ ಅಲ್ಲ.

ಮುಂಗಾರಿಗೆ ಮುಂಚಿನ ಬೋರ್ಡೋ ಸಿಂಪರಣೆಗೆ ಮೈಲುತುತ್ತು, ಸುಣ್ಣ ಕೊಳ್ಳುವ ಪಟ್ಟಿ ಬರೆಯುವಾಗ ಮುಖವಾಡವನ್ನೂ ಅದರಲ್ಲಿ ಸೇರಿಸಿಕೊಳ್ಳಿ. ಈ ಪಾಠವನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಓದಲು ಬಾರದ ಕೆಲಸದಾಳುಗಳಿಗೂ ತಿಳಿಸಿ ಎಂದು ಸದಸ್ಯರಲ್ಲಿ ವಿನಂತಿ.